ಬಾವಿ ಓಣಿಯ ಉಲ್ಟಾ ಸವಾರರು

ಕಳೆದ ಸೋಮವಾರ ಬೆಳಿಗ್ಗೆ ಪೊಲೀಸರು ನನ್ನ ಹವಾ ತೆಗೆದರು.

ನನ್ನದಲ್ಲ, ನನ್ನ ಸೈಕಲ್ಲಿನದು. ಆದರೆ ಕೋಟು ತೊಟ್ಟು, ಟೋಪಿ ಇಟ್ಟು, ಕಂಕುಳಲ್ಲಿ ಏಳನೇ ತರಗತಿಯ ಉತ್ತರಪತ್ರಿಕೆಗಳ ಕಟ್ಟು ಹಿಡಿದು ನಡುರಸ್ತೆಯಲ್ಲಿ ನಿಂತ ಮಾಸ್ತರನಿಗೆ ಆ ಎರಡರಲ್ಲಿ ಏನು ಫರಕು ಉಳಿಯುತ್ತದೆ, ನೀವೇ ಹೇಳಿ. ಹಾಲಿನವನು ನೋಡಿದ. ತರಕಾರಿಯವಳು ನೋಡಿದಳು. ನನ್ನ ಕ್ಲಾಸಿನ ಹುಡುಗಿಯೊಬ್ಬಳು ನೋಡಿಯೂ ನೋಡದವಳಂತೆ ಮುಖ ತಿರುಗಿಸಿಕೊಂಡು ಹೋದಳು. (ಅವಳಿಗೆ ಈ ಸಲ ನಡತೆಗೆ ಪೂರ್ತಿ ಮಾರ್ಕು.)

"ಸ್ವಾಮಿ, ಇದು ಒನ್ ವೇ. ನೀವು ಎದುರಿಗೆ ನುಗ್ತಾ ಇದೀರ. ಇದು ನಾಲ್ಕನೇ ಸಲ," ಎಂದ ಕಾನ್‌ಸ್ಟೇಬಲ್. ಬಹಳ ಮೆತ್ತಗೆ ಹೇಳಿದ. ಹೇಳುತ್ತಲೇ ಹಿಂದಿನ ಗಾಲಿಯ ವಾಲ್ವ್ ತಿರುಗಿಸಿದ. ಸುಸ್ಸ್ ಎಂದಿತು.

ಈ ಕಾನ್‌ಸ್ಟೇಬಲ್ ಮಂಡ್ಯದ ಕಡೆಯವನು. ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬುತ್ತ ಬಂತಲ್ಲ, ಆ ಲೆಕ್ಕದಲ್ಲಿ ನಮ್ಮ ಪಾಲಿಗೆ ಬಂದವನು. ನಾವು ಸಾದಾ ಮಾತಾಡಿದರೆ ಅವನಿಗೆ ಜಗಳಕ್ಕೆ ಬಂದಂತೆ ಕೇಳಿಸುತ್ತದಂತೆ. ಅವನು ಬೈದರೆ ನಮಗೆ ಹರಸಿದಂತೆ ಕೇಳಿಸುತ್ತದೆ. ಇಬ್ಬರದೂ ಕನ್ನಡವೇ ಎಂದು ಸರ್ಕಾರ ಹೇಳಿದೆ. ನಂಬಿದ್ದೇವೆ.

ಈಚೆಗೆ ಬೀದರಿಗೆ ಬಾರದ ಓದುಗರಿಗಾಗಿ ಸ್ವಲ್ಪ ವಿವರ. ಊರೊಳಗೆ ಬರುವ ಕಮಾನು ದಾಟಿದರೆ ಎರಡು ಓಣಿಗಳು ಶುರುವಾಗುತ್ತವೆ. ಎಡಕ್ಕೆ ಬಾವಿ ಓಣಿ, ಬಲಕ್ಕೆ ವಾಡೆ ಓಣಿ. ಎರಡೂ ಹೋಗಿ ಊರ ನಡುವಿನ ಹಳೆಯ ಬುರುಜು, ಚೌಬಾರಾದ ಹತ್ತಿರ ಕೂಡುತ್ತವೆ. ಎರಡರದೂ ಅಷ್ಟೇ ಉದ್ದ, ಅಷ್ಟೇ ಅಗಲ, ಅಷ್ಟೇ ಗಬ್ಬು ವಾಸನೆಯ ಗಟಾರ. ಎರಡು ತಿಂಗಳ ಹಿಂದೆ ಬಾವಿ ಓಣಿಯಲ್ಲಿ ಜೋಳದ ದಂಟಿನ ಕಣಕಿ ಹೇರಿದ ಔರಾದ ಕಡೆಯ ಎತ್ತಿನ ಗಾಡಿಯೂ ಭಾಲ್ಕಿಯ ಲಾರಿಯೂ ಎದುರುಬದುರಾದವು. ಎತ್ತುಗಳು ಹಿಂದೆ ಸರಿಯಲೊಲ್ಲವು, ಡ್ರೈವರ್ ಸರಿಯಲೊಲ್ಲ. ಲಾರಿಯ ಹಿಂದೆ ಹೊಸ ಆಫೀಸರರ ಜೀಪು. ಸಾಹೇಬರು ಮಧ್ಯಾಹ್ನದ ಊಟದ ಹೊತ್ತಿನವರೆಗೆ ಕಣಕಿ ನೋಡುತ್ತ ಕೂತರು. ಮರುವಾರವೇ ಬೋರ್ಡು ಬಂತು: ಏಕಮುಖ ಸಂಚಾರ.

ಊರಿಗೆ ಊರೇ ಗಲಿಬಿಲಿ. ಏಕಮುಖ ರುದ್ರಾಕ್ಷಿ ಕೇಳಿದ್ದೆವು. ಏಕಮುಖ ರಸ್ತೆ ಕೇಳಿರಲಿಲ್ಲ. ಕಮಾನಿನಿಂದ ಚೌಬಾರಾಕ್ಕೆ ಹೋಗುವವರು ವಾಡೆ ಓಣಿಯಿಂದ ಹೋಗಬೇಕು. ಚೌಬಾರಾದಿಂದ ಬರುವವರು ಬಾವಿ ಓಣಿಯಿಂದ ಬರಬೇಕು. ಇಷ್ಟೇ. ಎತ್ತಿನ ಗಾಡಿಗಳು ನಾಲ್ಕೇ ದಿನದಲ್ಲಿ ಕಲಿತವು. ಟಾಂಗಾದ ಕುದುರೆಗಳು ಒಂದು ವಾರದಲ್ಲಿ ಕಲಿತವು. ಕಲಿಯದವರು ಯಾರು? ಸೈಕಲ್ಲಿನವರು!

ಸೈಕಲ್ಲಿನವನ ಹತ್ತಿರ ಕಾರಣಗಳಿಗೆ ಬರವಿಲ್ಲ, ನೀವು ಬಲ್ಲಿರಿ. 'ಎರಡೇ ಹೆಜ್ಜಿ ಅದರಿ.' 'ಮನಿ ಇಲ್ಲೇ ಅದರಿ.' 'ಸೈಕಲ್ ಗಾಡಿ ಅಲ್ರಿ, ಕಾಲಿಗೆ ಹಚ್ಚಿದ ಗಾಲಿ.' ಒಬ್ಬ ಪುಣ್ಯಾತ್ಮ ಸೈಕಲ್ಲಿನ ಮುಖವನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ತಾನು ಹಿಂದೆ ಹಿಂದೆ ನಡೆದು ಬಂದನಂತೆ. ರಸ್ತೆ ಏಕಮುಖ, ನನ್ನ ಮುಖವೂ ಅತ್ತಲೇ ಅದ ಅಂದನಂತೆ. ಇಂಥವರನ್ನು ನಾನು ಹೋದ ತಿಂಗಳು ಇದೇ ಅಂಕಣದಲ್ಲಿ ಚೆನ್ನಾಗಿ ಝಾಡಿಸಿದ್ದೆ. 'ನಾಗರಿಕ ಪ್ರಜ್ಞೆ' ಎಂಬ ಮಾತನ್ನು ಮೂರು ಸಲ ಬರೆದಿದ್ದೆ. ಅದು ಅಚ್ಚಾಗಿ ಬಂದ ದಿನವೇ ನಾನು ಮೊದಲ ಸಲ ಸಿಕ್ಕಿಬಿದ್ದದ್ದು.

ಯಾಕೆ? ನನಗೇ ತಿಳಿಯದು. ನನ್ನ ಮನೆ ಮೈಲೂರಿನಲ್ಲಿ, ಶಾಲೆ ಚೌಬಾರಾದ ಆಚೆ. ಬೆಳಿಗ್ಗೆ ವಾಡೆ ಓಣಿಯಿಂದ ಹೋಗಿ ಸಂಜೆ ಬಾವಿ ಓಣಿಯಿಂದ ಬಂದರೆ ಮುಗಿಯಿತು. ಇಪ್ಪತ್ತೆರಡು ವರ್ಷಗಳಿಂದ ಹೋಗುವುದೂ ಬರುವುದೂ ಬಾವಿ ಓಣಿಯಿಂದಲೇ. ರೂಢಿ ಅಂದುಕೊಂಡಿದ್ದೆ. ಸೋಮವಾರ ಆ ಕಾನ್‌ಸ್ಟೇಬಲ್ ಬಾಯಿ ಬಿಡುವವರೆಗೆ ಹಾಗೇ ಅಂದುಕೊಂಡಿದ್ದೆ.

"ತಪ್ ತಿಳ್ಕೋಬೇಡಿ ಸ್ವಾಮಿ, ಒಂದ್ ಮಾತು ಕೇಳ್ಲಾ?" ಎಂದ ಅವನು, ವಾಲ್ವನ್ನು ನನ್ನ ಅಂಗೈಗೆ ಹಾಕುತ್ತ. "ತಿಂಗಳಿಂದ ಇಲ್ಲೇ ನಿಂತಿದೀನಿ. ಬೇರೆಯವ್ರು ಒಂದ್ ದಿನ ಎದುರಿಗೆ ನುಗ್ತಾರೆ, ಒಂದ್ ದಿನ ಸರಿಯಾಗ್ ಹೋಗ್ತಾರೆ. ನಿಮ್ಮಂಥೋರು ಒಂದ್ ಹತ್ತು ಹದಿನೈದು ಜನ ಇದೀರ, ದಿನಾ ನುಗ್ತೀರ. ಬೈದ್ರೆ ಕೆಲವ್ರು ಆ ಕಡೆ ಓಣಿಗೆ ಹೋಗ್ತಾರೆ. ಆದ್ರೆ ಅಲ್ಲಿ ಆ ದೊಡ್ಡ ಬಾಗ್ಲು ಬರ್ತಿದ್ದಂಗೇ ಸೈಕಲ್ಲಿಂದ ಇಳ್ದುಬಿಡ್ತಾರೆ. ಬೇವಿನ ಮರದ ತನಕ ತಳ್ಕೊಂಡು ಹೋಗಿ ಮತ್ತೆ ಹತ್ತಾರೆ. ಅಲ್ಲಿ ಏನಾದ್ರೂ ಹಳೇ ಸರ್ಕಾರದ ಆರ್ಡರ್ ಇದೆಯಾ? ಇದ್ರೆ ಹೇಳಿ, ಸಾಹೇಬ್ರಿಗೆ ಹೇಳಿ ಒಂದ್ ಬೋರ್ಡ್ ಹಾಕಿಸ್ತೀನಿ."

ನಾನು ಬಾವಿ ಓಣಿಯ ಕಡೆ ನೋಡಿದೆ. ಆಮೇಲೆ ಆಕಾಶದ ಕಡೆ ನೋಡಿದೆ.

"ಅಲ್ಲಿ ಏರು ಅದರಿ," ಎಂದೆ. "ತುಳಿಲಾಕ ಆಗಂಗಿಲ್ಲ. ಅದಕ್ಕ ಇಳಿತಾರ."

"ಏರಾ? ಎಲ್ಲಿ?"

ಮಂಡ್ಯದವನು ಸುಮ್ಮನೆ ಬಿಡುವ ಆಸಾಮಿಯಲ್ಲ. ತನ್ನ ನೀರಿನ ಚೊಂಬು ತೆಗೆದುಕೊಂಡು ವಾಡೆಯ ಬಾಗಿಲವರೆಗೆ ಹೋದ. ರಸ್ತೆಯ ಕಲ್ಲಿನ ಮೇಲೆ ನೀರು ಸುರಿದ. ನೀರು ಅತ್ತಲೂ ಹರಿಯಲಿಲ್ಲ, ಇತ್ತಲೂ ಹರಿಯಲಿಲ್ಲ. ಸುರಿದಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿತು. ನಾನು ಸೈಕಲ್ ಹಿಡಿದು ಅವನ ಹಿಂದೆಯೇ ಹೋಗಿದ್ದೆ.

"ಮಟ್ಟಸವಾಗಿದೆಯಲ್ಲ ಸ್ವಾಮಿ," ಎಂದ. ಬಾಗಿಲ ಕಡೆ ತಿರುಗಿದ. "ಮತ್ತೆ ಇದಕ್ಕೆ ಬೀಗ ಹಾಕಿದೆ. ಒಳಗೆ ಯಾರಿದಾರೆ?"

ಯಾರೂ ಇಲ್ಲ. ಅದು ರಾವಸಾಹೇಬರ ವಾಡೆ, ಕೋಟೆಯಂಥ ದೊಡ್ಡ ಮನೆ. ರಾವಸಾಹೇಬರು ಒಂದು ಕಾಲಕ್ಕೆ ಹನ್ನೆರಡು ಹಳ್ಳಿಗಳ ಒಡೆಯರು. ನಿಜಾಮರ ಆಡಳಿತ ಮುಗಿದ ಗದ್ದಲದ ವರ್ಷ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೈದರಾಬಾದಿಗೆ ಹೋದರು. ಅಲ್ಲೇ ತೀರಿಕೊಂಡರು. ಬಾಗಿಲಿಗೆ ಬಿದ್ದ ಬೀಗ ಇವತ್ತಿಗೂ ತೆಗೆದಿಲ್ಲ. ತುಕ್ಕು ಹಿಡಿದು ತಗಡು ಯಾವುದು ಬೀಗ ಯಾವುದು ಎಂದು ತಿಳಿಯದಂತಾಗಿದೆ.

"ಬೀಗಕ್ಕೆ ಯಾಕ್ ಸ್ವಾಮಿ ಇಳೀತೀರಾ?" ಎಂದು ಕೇಳಿದ ಕಾನ್‌ಸ್ಟೇಬಲ್.

ಅವನ ದನಿಯಲ್ಲಿ ಕುಹಕವಿರಲಿಲ್ಲ. ತಿಳಿಯದೆ ಕೇಳಿದ್ದ. ಅದೇ ಕಷ್ಟ ನೋಡಿ. ಕುಹಕದಿಂದ ಕೇಳಿದವನಿಗೆ ಉತ್ತರ ಕೊಡಬಹುದು. ತಿಳಿಯದೆ ಕೇಳಿದವನಿಗೆ ನಿಜ ಹೇಳಬೇಕಾಗುತ್ತದೆ. ನಾನು ಶಾಲೆಗೆ ಹೊತ್ತಾಯಿತು ಎಂದೆ. ಗಾಲಿಯಲ್ಲಿ ಹವಾ ಇಲ್ಲದ ಸೈಕಲ್ ತಳ್ಳುತ್ತ ಆ ಬಾಗಿಲು ದಾಟಿದೆ. ದಾಟುವಾಗ ಮನಸ್ಸಿಗೆ ಒಂಥರಾ ಹಾಯೆನಿಸಿತು. ಹೇಗೂ ಕಾಲ್ನಡಿಗೆ, ಇಳಿಯುವ ಪ್ರಶ್ನೆಯೇ ಇಲ್ಲವಲ್ಲ! ಆ ಹಾಯೆನಿಸಿದ್ದಕ್ಕೆ ಆಮೇಲೆ ಇಡೀ ದಿನ ನನ್ನ ಮೇಲೇ ಸಿಟ್ಟು ಬಂತು.

ಅಂದು ಸಂಜೆ ಪಕ್ಕದ ಮನೆಯ ತುಕಾರಾಮ ಚಹಾಕ್ಕೆ ಬಂದ. ತುಕಾರಾಮ ಭಾತಂಬ್ರಾದವನು, ಇಲ್ಲಿ ಭೂಮಾಪನ ಕಚೇರಿಯಲ್ಲಿ ಗುಮಾಸ್ತ. ಇನ್ನೂ ಮೂವತ್ತು ದಾಟಿಲ್ಲ. ಹೋದ ವರ್ಷ ಅವನ ಮನೆಯವರೆಲ್ಲ ಬೌದ್ಧರಾದರು. ಅವನಿಗೂ ಎರಡು ಸಲ ಬಾವಿ ಓಣಿಯಲ್ಲಿ ಹವಾ ಹೋಗಿದೆ ಎಂಬ ಸುದ್ದಿ ನನಗೆ ತಿಳಿದಿತ್ತು.

"ತುಕಾರಾಮ, ನೀ ಯಾಕೋ ದಿನಾ ಉಲ್ಟಾ ಹೋಗ್ತಿ?" ಎಂದೆ.

"ವಾಡೇ ಓಣ್ಯಾಗ ನಾಯಿ ಭಾಳ ಅವರಿ ಮಾಸ್ತರ್."

"ನಾಯಿ ಬಾವಿ ಓಣ್ಯಾಗೂ ಅವಲ್ಲೋ."

"ಅವರಿ. ಆದ್ರ ಅವು ಗುರ್ತಿನವು." ಬಸಿಯಲ್ಲಿದ್ದ ಚಹಾ ಊದಿದ. "ನೀವ್ಯಾಕ ಹೋಗ್ತೀರಿ ಮತ್ತ?"

"ವಾಡೇ ಓಣ್ಯಾಗ ಏರು ಅದ."

"ಹೌದ್ರಿ, ಏರು ಭಾಳ ಅದ," ಎಂದ ತುಕಾರಾಮ. ದಿನಾ ಭೂಮಿ ಅಳೆಯುವ ಕಾಗದಗಳಲ್ಲೇ ಬದುಕುವ ಮನುಷ್ಯ! ನಾವಿಬ್ಬರೂ ಚಹಾ ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಸಿ ಕೆಳಗಿಟ್ಟ ಮೇಲೆ ಅವನೇ ಬಾಯಿಬಿಟ್ಟ. "ಮಾಸ್ತರ್, ಹೋದ ವರ್ಷ ನಾವು ಎಲ್ಲಾ ಬಿಟ್ಟೇವ್ರಿ. ಹಳೀ ದೇವ್ರು ಬಿಟ್ಟೇವಿ. ಹಬ್ಬ ಬಿಟ್ಟೇವಿ. ಬಗ್ಗಿ ಬಗ್ಗಿ ಜೋಹಾರ ಅನ್ನೋದು ಬಿಟ್ಟೇವಿ. ನಮ್ಮ ಅವ್ವ ಎಪ್ಪತ್ತು ವರ್ಷದಾಕಿ, ಆಕಿನೂ ಬಿಟ್ಟಾಳ. ಆದ್ರ ಆ ಬಾಗಲಾ ಬಂತಂದ್ರ ಕಾಲು ತಾವೇ ಇಳಿತಾವ್ರಿ. ನಾ ಬ್ಯಾಡ ಅಂದ್ರೂ ಇಳಿತಾವ. ಅದರಕಿಂತ ಪೊಲೀಸ್ರ ಕಡಿಂದ ಹವಾ ಬಿಡಿಸ್ಕೊಳ್ಳೋದು ಛಲೋ ಅನಸ್ತದ."

ಅವನಾದರೂ ಎಲ್ಲ ಬಿಟ್ಟು ಒಂದು ವರ್ಷವಾಗಿದೆ. ನಾವು ಬಿಟ್ಟು ಮೂರು ತಲೆಮಾರು! ನನ್ನ ಅಜ್ಜ ಚಿಂತಾಕಿಯ ಊರಹೊರಗಿನ ಕೇರಿಯವನು. ತುಕಾರಾಮನ ಅಜ್ಜನೂ ನನ್ನ ಅಜ್ಜನೂ ತಂತಮ್ಮ ಊರ ಬಾವಿಗೆ ದೂರದಿಂದ ಕೊಡ ಒಡ್ಡಿ ನಿಂತವರ ಪೈಕಿ. ಅಜ್ಜ ಮಿಷನ್ನಿನವರ ಕಾಲಕ್ಕೆ ಮೆಥಡಿಸ್ಟನಾದ. ಅಪ್ಪ ಮಿಷನ್ ಶಾಲೆಯ ಮಾಸ್ತರನಾದ. ನಾನು ಉರ್ದುವಿನಲ್ಲಿ ಪರೀಕ್ಷೆ ಪಾಸು ಮಾಡಿದೆ, ಚರ್ಚಿನಲ್ಲಿ ಕನ್ನಡ ಕಲಿತೆ, ಕೋಟು ಹೊಲಿಸಿದೆ, ಪತ್ರಿಕೆಗೆ ಅಂಕಣ ಬರೆಯುವವನಾದೆ. ಇಷ್ಟೆಲ್ಲ ಆದ ಮೇಲೂ ನನ್ನ ಕಾಲುಗಳಿಗೆ ಸುದ್ದಿ ಮುಟ್ಟಿಲ್ಲವೇ?

ನನ್ನ ಹೆಂಡತಿ ನರ್ಸು. ಭಾಲ್ಕಿಯ ಹೆಣ್ಣು, ಬಾಯಿ ಖಡಕ್ಕು. ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡು ಹೊರಗೆ ಬಂದಳು.

"ದಿನಾ ಇಪ್ಪತ್ತು ಮಂದಿ ಕಾಲು ನೋಡ್ತೇನಿ. ನಿಮ್ಮ ಕಾಲಿಗಿ ಏನೂ ಆಗಿಲ್ರಿ."

"ಮತ್ತ ಎದಕ್ಕ ಆಗ್ಯಾದ?"

"ಅದಕ್ಕ ನಮ್ಮ ದವಾಖಾನ್ಯಾಗ ಔಷಧ ಇಲ್ಲ," ಎಂದು ಬಸಿಗಳನ್ನು ಎತ್ತಿಕೊಂಡು ಹೋದಳು.

ಈಗ ಒಂದು ತಪ್ಪೊಪ್ಪಿಗೆ. ಹೋದ ಕ್ರಿಸ್‌ಮಸ್ಸಿಗೆ ಇದೇ ಅಂಕಣದಲ್ಲಿ 'ಅಪ್ಪ ಸೈಕಲ್ ಹೊತ್ತ ಕತೆ' ಬರೆದಿದ್ದೆ, ನೆನಪಿದೆಯೇ? ಸ್ವದೇಶಕ್ಕೆ ಮರಳುವ ಪಾದ್ರಿ ದೊರೆ ತನ್ನ ಹಳೆಯ ಸೈಕಲ್ಲನ್ನು ಅಪ್ಪನಿಗೆ ಕೊಟ್ಟದ್ದು, ಮೊದಲ ದಿನವೇ ಚೈನು ಹರಿದದ್ದು, ಸೈಕಲ್ಲಿಗೆ ಕಲ್ಲು ತಾಗೀತೆಂದು ಅಪ್ಪ ಅದನ್ನು ತಲೆಯ ಮೇಲೆ ಹೊತ್ತು ಓಣಿಯುದ್ದಕ್ಕೂ ನಡೆದದ್ದು. ಓದಿ ಬಹಳ ನಕ್ಕೆವು ಎಂದು ನೀವು ಹಲವರು ಕಾಗದ ಬರೆದಿರಿ. ನಮ್ಮ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್ಸಿಗೂ ಆ ಕತೆ ಆಗುತ್ತದೆ. ಅಪ್ಪ ಇರುವವರೆಗೆ ಅಪ್ಪನೇ ಹೇಳುತ್ತಿದ್ದ. ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ.

ಸೋಮವಾರ ನಿದ್ದೆ ಹತ್ತದೆ ಆ ಕತೆಯನ್ನು ಮತ್ತೆ ನೆನೆದೆ. ಎಲ್ಲೋ ಏನೋ ಕೂಡುತ್ತಿರಲಿಲ್ಲ. ಅಂದು ಅಪ್ಪನ ಹಿಂದೆ ಕ್ಯಾರಿಯರ್ ಮೇಲೆ ಕೂತವನು ನಾನೇ. ಏಳು ವರ್ಷದವನು. ಅಪ್ಪ ಸೈಕಲ್ ಹೊತ್ತಾಗ ಹಿಂದೆ ನಡೆದವನೂ ನಾನೇ. ಅಪ್ಪನ ತಲೆಯ ಮೇಲೆ ಹಿಂದಿನ ಗಾಲಿ ಟಿಕ್ ಟಿಕ್ ಟಿಕ್ ಎಂದು ತಿರುಗುತ್ತಿತ್ತು. ಚೈನು ಅಪ್ಪನ ಕಿವಿಗೆ ತಾಗುತ್ತಿತ್ತು. ಅದರ ಎಣ್ಣೆ ಕುತ್ತಿಗೆಯ ಮೇಲೆ ಇಳಿದಿತ್ತು. ಬೇವಿನ ಮರದ ಕೆಳಗೆ ಸೈಕಲ್ ಇಳಿಸಿ, ಕುತ್ತಿಗೆ ಒರೆಸಿಕೊಂಡು, ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅಪ್ಪ ಮನೆಯವರೆಗೆ ತುಳಿದ.

ಹರಿದ ಚೈನಿನ ಸೈಕಲ್ಲನ್ನು ತುಳಿದನೇ?

ನಲವತ್ತು ವರ್ಷಗಳ ಮೇಲಾಯಿತು, ಈ ಪ್ರಶ್ನೆ ನನಗೆ ಬಂದಿರಲೇ ಇಲ್ಲ! ಲೆಕ್ಕ ಕಲಿಸುವ ಮಾಸ್ತರ ನಾನು, ಇದು ಯಾವ ಲೆಕ್ಕ?

ಅಲ್ಲಿಂದ ಉಳಿದದ್ದೂ ಒಂದೊಂದಾಗಿ ಬಂತು. ಅಪ್ಪ ವಾಡೆಯ ಮುಂದೆ ಇಳಿಯದೆ ಹೋಗಿದ್ದ. ಹೊಸದಾಗಿ ಸಿಕ್ಕ ಸೈಕಲ್ಲಿನ ಹುರುಪಿನಲ್ಲಿ ಮರೆತನೋ, ಬೇಕೆಂದೇ ಹೋದನೋ ತಿಳಿಯದು. ಒಬ್ಬ ಆಳು ಓಡಿ ಬಂದು ಹ್ಯಾಂಡಲ್ ಹಿಡಿದ. ಕಟ್ಟೆಯ ಮೇಲೆ ರಾವಸಾಹೇಬರು ಎಲೆ ಮಡಿಚುತ್ತ ಕೂತಿದ್ದರು. ಸಿಟ್ಟು ಮಾಡಲಿಲ್ಲ. ನಗುತ್ತಲೇ ಹೇಳಿದರು: "ಇಷ್ಟೊತ್ತನಾ ನೀ ಸೈಕಲ್ ಮ್ಯಾಲ ಕೂತಿ. ಈಗ ಅದು ನಿನ್ನ ಮ್ಯಾಲ ಕೂಡ್ಲಿ." ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪ ಹೊತ್ತುಕೊಂಡ.

ಬೇವಿನ ಮರದ ಕೆಳಗೆ ನನ್ನ ಗದ್ದ ಹಿಡಿದು ಹೇಳಿದ: "ಚೈನ್ ಹರದಿತ್ತು. ತಿಳೀತಿಲ್ಲೋ? ಅವ್ವಗ ಹಾಂಗೇ ಹೇಳು."

ನಾನು "ಹೂಂ" ಎಂದೆ.

ಆ ಒಂದು ಹೂಂ ನಲವತ್ತು ವರ್ಷ ನಡೆಯಿತು. ಅಪ್ಪ ಹಾಗೆ ಹೇಳಿದ್ದು ತನಗಾಗಿಯೋ, ನನಗಾಗಿಯೋ? ನಾನು ನಂಬಿದ್ದೆನೋ, ನಂಬಿದಂತೆ ಇದ್ದೆನೋ? ಓದುಗರೇ, ನಿಜ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಅಪ್ಪನ ಮೇಲೆ ಕನಿಕರ ಉಕ್ಕಿ ಬಂತು, ನನ್ನ ನಗುವಿನ ಮೇಲೆ ನಾಚಿಕೆ ಬಂತು. ಅಷ್ಟು ಮಾತ್ರ ಗೊತ್ತು.

ಮಂಗಳವಾರ ಬೆಳಿಗ್ಗೆ ಪಣ ತೊಟ್ಟು ವಾಡೆ ಓಣಿಗೆ ಹೋದೆ. ಇವತ್ತು ಇಳಿಯುವುದಿಲ್ಲ! ಬಾಗಿಲು ಹತ್ತಿರ ಬಂತು. ನಾನು ಇಳಿಯುವುದಿಲ್ಲ ಅನ್ನುತ್ತಲೇ ಇದ್ದೆ. ನೋಡಿದರೆ ನೆಲದ ಮೇಲೆ ನಿಂತಿದ್ದೇನೆ! ಯಾವಾಗ ಇಳಿದೆ, ಹೇಗೆ ಇಳಿದೆ? ಹಿಂತಿರುಗಿ ನೋಡಿದೆ. ಕಮಾನಿನ ಹತ್ತಿರ ಕಾನ್‌ಸ್ಟೇಬಲ್ ಎರಡೂ ಕೈ ಎತ್ತಿ 'ಏನ್ ಸ್ವಾಮಿ ಇದು' ಎನ್ನುವಂತೆ ನಿಂತಿದ್ದ.

ಬುಧವಾರ ಅವನೇ ನನ್ನನ್ನು ತಡೆದು ಕೇಳಿದ. "ಆರ್ಡರ್ ಸಿಕ್ತಾ?"

ಸುಳ್ಳು ಹೇಳಲು ತ್ರಾಣವಿರಲಿಲ್ಲ. "ಆರ್ಡರ್ ಕಾಗದದ ಮ್ಯಾಲ ಇಲ್ರಿ," ಎಂದೆ. "ಬಾಯಿಮಾತಿನ್ಯಾಗ ಇತ್ತು. ಎಲ್ಲರಿಗೂ ಇರ್ಲಿಲ್ಲ. ನಮ್ಮಂಥವ್ರಿಗಿ ಇತ್ತು." ಅಪ್ಪನ ಸೈಕಲ್ಲಿನ ಕತೆ ಹೇಳಿದೆ. ಈ ಸಲ ಚೈನು ಹರಿಯದ ಕತೆ. ಅದನ್ನು ಹಾಗೆ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಹೇಳಿದ್ದು ಯಾರಿಗೆ ನೋಡಿ! ಊರವರಿಗಲ್ಲ, ನನ್ನ ಮಕ್ಕಳಿಗೂ ಅಲ್ಲ. ಮಂಡ್ಯದಿಂದ ಬಂದ ಪೊಲೀಸನಿಗೆ.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಮ್ ಕಡೆನೂ ಇತ್ತು ಬಿಡಿ ಸ್ವಾಮಿ, ಬೇರೆ ಥರ," ಎಂದ. ಆಮೇಲೆ ಪೊಲೀಸ್ ಬುದ್ಧಿ ಮರಳಿ ಬಂತು. "ಅದು ಸರಿ, ಅದನ್ನ ಕ್ಯಾನ್ಸಲ್ ಮಾಡಿದ್ದು ಯಾರು?"

"ಯಾರೂ ಮಾಡಿಲ್ರಿ. ರಾವಸಾಹೇಬ್ರು ಬೀಗ ಹಾಕಿ ಹೋದ್ರು."

"ಹಂಗಾದ್ರೆ ಕಷ್ಟ. ಹಳೇ ಸರ್ಕಾರದ ಆರ್ಡರ್ರು ಯಾರಾದ್ರೂ ಕ್ಯಾನ್ಸಲ್ ಮಾಡೋ ತನಕ ಜಾರಿಲಿರ್ತವೆ ಅಂತ ನಮಗೆ ಹೇಳ್ಕೊಟ್ಟಿದಾರೆ. ಯಾರಾದ್ರೂ ಕ್ಯಾನ್ಸಲ್ ಮಾಡ್ಬೇಕಲ್ಲ ಸ್ವಾಮಿ."

ಕಾಯಿದೆಯ ಮಾತು. ತಮಾಷೆಗೆ ಹೇಳಿದನೋ ಗಂಭೀರವಾಗಿ ಹೇಳಿದನೋ, ಅವನ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಆ ಮಾತು ನನಗೆ ಸರಿಯಾಗಿ ನಾಟಿತು. ನಿಜಾಮರು ಹೋದರು. ಹೈದರಾಬಾದು ರಾಜ್ಯ ಹೋಯಿತು. ನಾಣ್ಯ ಬದಲಾಯಿತು, ಬೋರ್ಡು ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಇದೊಂದು ಆರ್ಡರ್ ಮಾತ್ರ ಯಾರ ಸಹಿಗಾಗಿ ಕಾದು ಕೂತಿದೆ?

ಅಂದು ಸಂಜೆ ತುಕಾರಾಮನ ಮನೆಗೆ ನಾನೇ ಹೋದೆ.

"ನಾಳೆ ಮುಂಜಾನಿ ನಾ ಮುಂದ ಹೋಗ್ತೇನಿ," ಎಂದೆ. "ಹತ್ತು ಮಿನಿಟ್ ಬಿಟ್ಟು ನೀ ಬಾ. ವಾಡೇ ಓಣಿಯಿಂದೇ ಬಾ. ನಾ ಇಳಿಯಂಗಿಲ್ಲ. ನೀನೂ ಇಳಿಬ್ಯಾಡ."

ತುಕಾರಾಮ ನನ್ನ ಮುಖವನ್ನೇ ನೋಡಿದ. "ಖರೇ ಇಳಿಯಂಗಿಲ್ರಿ?"

"ಖರೇ."

"ನೀವು ಇಳೀಲಿಲ್ಲ ಅಂದ್ರ ನಾನೂ ಇಳಿಯಂಗಿಲ್ರಿ ಮಾಸ್ತರ್."

ಗುರುವಾರ. ಕಮಾನು ದಾಟಿದೆ. ಕಾನ್‌ಸ್ಟೇಬಲ್ ಸಲಾಮು ಹೊಡೆದ. (ಇದು ಮೊದಲ ಸಲ.) ಬಾಗಿಲು ಬಂತು. ಕಾಲುಗಳು ಇಳಿಯಲು ಶುರುಮಾಡಿದವು. ನಿಜವಾಗಿಯೂ ಶುರುಮಾಡಿದವು! ಎಡಗಾಲು ಪೆಡಲ್ ಬಿಟ್ಟಿತು. ಆಗ ನಾನು, ನಲವತ್ತೆಂಟು ವರ್ಷದ ಸಭ್ಯ ಗೃಹಸ್ಥ, ಅಪ್ಪನ ಸೈಕಲ್ಲಿನ ಚೈನನ್ನು ನೆನೆದು, ಬಾಯಿಬಿಟ್ಟು ಜೋರಾಗಿ "ಹರದಿಲ್ಲಾ!" ಎಂದು ಕೂಗಿದೆ. ಯಾಕೆ ಕೂಗಿದೆನೋ! ಕಾಲು ಬೆದರಿ ಪೆಡಲಿಗೆ ಮರಳಿತು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಬೇವಿನ ಮರ ಹಿಂದೆ ಹೋಗಿತ್ತು.

ಅಬ್ಬಾ, ಏನು ಹೇಳಲಿ! ಅಂಥ ಖುಷಿ ಮದುವೆಯ ದಿನವೂ ಆಗಿರಲಿಲ್ಲ. (ಮನೆಯಾಕೆ ಈ ಅಂಕಣ ಓದುವುದಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ.) ಚೌಬಾರಾದವರೆಗೆ ಹೋದೆ. ಶಾಲೆಯ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಇನ್ನೊಂದು ಸಲ, ಇನ್ನು ಒಂದೇ ಸಲ ಆ ಬಾಗಿಲ ಮುಂದೆ ಸೈಕಲ್ ಮೇಲೆ ಕೂತು ಹೋಗಬೇಕೆನಿಸಿತು. ಹಿಂತಿರುಗಿ ವಾಡೆ ಓಣಿಗೇ ನುಗ್ಗಿದೆ. ಬೆಲ್ ಬಾರಿಸುತ್ತ ಹೋದೆ. ಬೀಗದ ಮುಂದೆ ಎರಡು ಸಲ ಹೆಚ್ಚಿಗೆ ಬಾರಿಸಿದೆ. ಎದುರಿಗೆ ಬರುವ ಗಾಡಿಯವರು ಬೈದದ್ದು ಯಾಕೆಂದೇ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಕಮಾನಿನ ಹತ್ತಿರ, ಕಾನ್‌ಸ್ಟೇಬಲ್ ಹ್ಯಾಂಡಲ್ ಹಿಡಿದಾಗ.

"ಕ್ಯಾನ್ಸಲ್ ಆಯ್ತಾ ಸ್ವಾಮಿ?" ಎಂದ. ಅವನ ಮುಖ ಅರಳಿತ್ತು.

"ಆತ್ರಿ! ಎರಡು ಸರ್ತಿ ಆತು!"

"ಭಾಳ ಸಂತೋಷ. ಆದ್ರೆ ಒನ್ ವೇ ಆರ್ಡರ್ ಇನ್ನೂ ಜಾರಿಲಿದೆ," ಎಂದು ಬಗ್ಗಿದ. ಸುಸ್ಸ್.

"ಅರೇ, ಇವತ್ತೊಂದು ದಿನ ಬಿಡ್ರಿ!"

"ಇವತ್ತು ಬಿಟ್ರೆ ನಾಳೆ ನಿಮ್ಮಂಥೋರಿಗೆ ಒಂದು, ಬೇರೆಯವ್ರಿಗೆ ಒಂದು ಅಂತ ಆಗುತ್ತೆ. ಬೇಡ ಸ್ವಾಮಿ. ಎಲ್ಲರಿಗೂ ಒಂದೇ." ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಶಾಲೆಯ ಗಂಟೆಗೆ ಹೊತ್ತಾಗಿತ್ತು. ತಲೆ ಬಗ್ಗಿಸಿ, ಹಿಂದಿನ ಗಾಲಿ ಥಪ ಥಪ ಎನ್ನುತ್ತಿದ್ದ ಸೈಕಲ್ಲನ್ನು ತಳ್ಳುತ್ತ ವಾಡೆ ಓಣಿಯಲ್ಲಿ ಮೂರನೇ ಸಲ ಹೊರಟೆ. ಸರಿಯಾಗಿ ಆ ಬಾಗಿಲ ಮುಂದೆ ಬಂದಾಗ ಹಿಂದಿನಿಂದ ಬೆಲ್ ಕೇಳಿಸಿತು.

ತುಕಾರಾಮ! ಹತ್ತು ಮಿನಿಟ್ ಬಿಟ್ಟು ಬಾ ಎಂದಿದ್ದೆನಲ್ಲ, ಹೇಳಿದ ಮಾತಿಗೆ ಸರಿಯಾಗಿ ಬಂದಿದ್ದ. ಸೀಟಿನ ಮೇಲೆ ನೆಟ್ಟಗೆ ಕೂತು, ಸರಿಯಾದ ಓಣಿಯಲ್ಲಿ, ಸರಿಯಾದ ದಿಕ್ಕಿನಲ್ಲಿ ಬರುತ್ತಿದ್ದ. ನನ್ನನ್ನು ನೋಡಿದ. ವಾಡೆಯ ಬಾಗಿಲ ಮುಂದೆ, ನೆಲದ ಮೇಲೆ, ಸೈಕಲ್ ತಳ್ಳುತ್ತಿದ್ದ ನನ್ನನ್ನು.

ಇಳಿದುಬಿಟ್ಟ.

"ಇಳಿಬ್ಯಾಡೋ!" ಎಂದು ಕಿರುಚಿದೆ. "ನಾ ಇಳಿದಿಲ್ಲೋ ತುಕಾರಾಮ! ಹವಾ ಇಲ್ಲ! ಪೊಲೀಸ ಹವಾ ಬಿಟ್ಟಾನ! ಎರಡು ಸರ್ತಿ ಹತ್ಕೊಂಡೇ ಹೋಗೇನಿ!"

ತುಕಾರಾಮ ನನ್ನನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಹೂಂನ್ರಿ ಮಾಸ್ತರ್," ಎಂದ.

ಅದೇ ಹೂಂ! ಬೇವಿನ ಮರದ ಕೆಳಗೆ ನಾನು ಅಪ್ಪನಿಗೆ ಅಂದ ಹೂಂ. ಅಪ್ಪ ಸುಳ್ಳು ಹೇಳಿದ, ನಲವತ್ತು ವರ್ಷ ಎಲ್ಲರೂ ನಂಬಿದೆವು. ನಾನು ನಿಜ ಹೇಳುತ್ತಿದ್ದೇನೆ, ಇವನೊಬ್ಬನೂ ನಂಬುತ್ತಿಲ್ಲ. ಅಳು ಬಂತು. ಅವನ ಕೈ ಹಿಡಿದು ಎಳೆದು ನನ್ನ ಹಿಂದಿನ ಗಾಲಿಯ ಮೇಲೆ ಇಟ್ಟೆ.

"ಒತ್ತು. ಒತ್ತಿ ನೋಡು."

ಒತ್ತಿದ. ಟೈರು ರಿಮ್ಮಿಗೆ ಹತ್ತಿತು. ಇನ್ನೊಮ್ಮೆ ಒತ್ತಿದ. ನಾನು ಅವನ ಟೈರನ್ನು ಒತ್ತಿದೆ. ಕಲ್ಲಿನಂತಿತ್ತು.

"ನಿಂದ್ರಾಗ ಹವಾ ಅದಲ್ಲ?" ಎಂದೆ. "ಹತ್ತು ಮತ್ತ."

"ಇಲ್ಲೇರಿ?"

"ಇಲ್ಲೇ."

ತುಕಾರಾಮ ಬೀಗ ನೋಡಿದ, ನನ್ನನ್ನು ನೋಡಿದ. ವಾಡೆಯ ಕಲ್ಲಿನ ಮೆಟ್ಟಿಲ ಮೇಲೆ ಎಡಗಾಲು ಊರಿ, ಬಲಗಾಲು ಆಚೆ ಹಾಕಿ, ಹತ್ತಿ ಹೋದ. ಬೇವಿನ ಮರ ದಾಟಿದ ಮೇಲೆ ಅವನ ಬೆಲ್ ಕೇಳಿಸಿತು. ಆ ಬಾಗಿಲ ಮುಂದೆ ಇಳಿದವರನ್ನು ಜೀವನವಿಡೀ ನೋಡಿದ್ದೇನೆ. ಅಲ್ಲಿ ಸೈಕಲ್ ಹತ್ತಿದವನನ್ನು ನೋಡಿದ್ದು ಅದೇ ಮೊದಲು.

ಅಂದು ಹಾಜರಿಯಲ್ಲಿ ನನಗೆ ತಡವಾಗಿ ಬಂದವನೆಂದು ಗುರುತು ಬಿತ್ತು. ಕಾರಣ ಬರೆಯುವ ಜಾಗದಲ್ಲಿ 'ಗಾಲಿಯಲ್ಲಿ ಹವಾ ಇರಲಿಲ್ಲ' ಎಂದು ಬರೆದೆ. ಹೆಡ್‌ಮಾಸ್ತರರು ಓದಿ ಮುಗುಳ್ನಕ್ಕರು. ಅವರೂ ನಂಬಲಿಲ್ಲ ಅಂತ ಕಾಣುತ್ತದೆ.

ಓದುಗರೇ, ಅಂದಿನಿಂದ ಸರಿಯಾದ ಓಣಿಯಲ್ಲೇ ಹೋಗುತ್ತಿದ್ದೇನೆ, ಹತ್ತಿಕೊಂಡೇ ಹೋಗುತ್ತಿದ್ದೇನೆ. ಆದರೆ ಸೈಕಲ್ ಹಳೆಯದು, ರಸ್ತೆ ಕಲ್ಲಿನದು, ಮಂಡ್ಯದವನು ಇನ್ನೂ ಕಮಾನಿನಲ್ಲೇ ಇದ್ದಾನೆ. ಎಂದಾದರೂ ಒಂದು ಬೆಳಿಗ್ಗೆ ಆ ಬೀಗದ ಮುಂದೆ ನಾನು ಸೈಕಲ್ ತಳ್ಳಿಕೊಂಡು ಹೋಗುವುದು ನಿಮ್ಮ ಕಣ್ಣಿಗೆ ಬಿದ್ದರೆ, 'ಹೂಂ' ಅನ್ನುವ ಮೊದಲು ಟೈರನ್ನೊಮ್ಮೆ ಒತ್ತಿ ನೋಡುತ್ತೀರಲ್ಲವೇ?